ತಲೆಗೆ ಪೆಟ್ಟಾದಾಗ ಮೈ ತಂಪು ಮಾಡಿದರೆ ಮೆದುಳು ಉಳಿಯುತ್ತದೆಯೇ?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾಲು ಉಳುಕಿದರೆ ಐಸ್ ಇಡ್ತೀವಿ. ಊತ ಇಳಿಯುತ್ತದೆ, ನೋವೂ ಕಡಿಮೆಯಾಗುತ್ತದೆ. ಹಾಗಿದ್ದ ಮೇಲೆ ತಲೆಗೆ ಜೋರು ಪೆಟ್ಟು ಬಿದ್ದು ಮೆದುಳು ಊದಿಕೊಂಡವರಿಗೆ ತಂಪು ಯಾಕೆ ಮಾಡಬಾರದು? ಐಸಿಯು ಬಾಗಿಲಲ್ಲಿ ಕಾಯುತ್ತಾ ಕೂತ ಮನೆಯವರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ ಅದು. ವೈದ್ಯರೂ ಸುಮಾರು ಎಂಬತ್ತು ವರ್ಷ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದರು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಲೆಗೆ ತೀವ್ರ ಪೆಟ್ಟಾದ ಎಲ್ಲರ ಮೈಯನ್ನೂ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುವುದರಿಂದ ಅವರು ಹೆಚ್ಚು ಬದುಕುವುದೂ ಇಲ್ಲ, ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುವುದೂ ಇಲ್ಲ. ಕೆಲವರಿಗೆ ಕೆಡುಕೂ ಆಗಬಹುದು. ಆದರೆ ಜ್ವರ ಏರದಂತೆ ನೋಡಿಕೊಳ್ಳುವುದು ಬೇಕೇ ಬೇಕು. ಈ ಉತ್ತರ ನಮಗೆ ಸಿಕ್ಕಿದ್ದು ಹೇಗೆ ಅನ್ನುವುದೇ ಇವತ್ತಿನ ಮಾತು. ಅಷ್ಟು ಚೆನ್ನಾಗಿ ಕಾಣುತ್ತಿದ್ದ ಒಂದು ಉಪಾಯ ಯಾಕೆ ಕೈಕೊಟ್ಟಿತು ಎಂದು ತಿಳಿದರೆ, ಐಸಿಯುನಲ್ಲಿ ನಾವು ಮಾಡುವ ಇನ್ನೂ ಎಷ್ಟೋ ಕೆಲಸಗಳು ಅರ್ಥವಾಗುತ್ತವೆ.

ತೀವ್ರ ಪೆಟ್ಟು ಎಂದರೆ ಎಷ್ಟು? ಅದಕ್ಕೆ ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಅಳತೆ ಇದೆ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ್ದು. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ ಎಂದು ನೋಡಿ ಅಂಕ ಕೊಡುತ್ತಾರೆ. ಪೂರ್ತಿ ಎಚ್ಚರವಿದ್ದರೆ 15, ಏನೂ ಪ್ರತಿಕ್ರಿಯೆ ಇಲ್ಲದಿದ್ದರೆ 3. ಎಂಟಕ್ಕಿಂತ ಮೇಲೆ ಹೋಗದವರದು ತೀವ್ರ ಪೆಟ್ಟು. ನಾನು ಮಾತಾಡುತ್ತಿರುವುದು ಇವರ ಬಗ್ಗೆ. ಕರೆದರೆ ಏಳದವರು, ಉಸಿರಾಟಕ್ಕೆ ಗಂಟಲಲ್ಲಿ ಟ್ಯೂಬ್ ಬೇಕಾದವರು.

ಮೆದುಳಿಗೆ ಏಟು ಬೀಳುವುದು ಎರಡು ಸಲ. ಮೊದಲನೆಯದು ಅಪಘಾತದ ಕ್ಷಣದಲ್ಲೇ ಆಗಿಹೋಗುತ್ತದೆ. ನರತಂತುಗಳು ಹರಿಯುತ್ತವೆ, ರಕ್ತನಾಳ ಒಡೆಯುತ್ತದೆ. ಅದನ್ನು ಯಾವ ವೈದ್ಯರೂ ವಾಪಸ್ ಮಾಡಲಾರರು. ಎರಡನೆಯದು ಆಮೇಲಿನ ಗಂಟೆಗಳಲ್ಲಿ, ದಿನಗಳಲ್ಲಿ ನಿಧಾನವಾಗಿ ನಡೆಯುತ್ತದೆ. ಜಖಂ ಆದ ಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಚೆಲ್ಲಿಹೋಗುತ್ತದೆ. ಮಾಮೂಲಿ ದಿನಗಳಲ್ಲಿ ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವುದೇ ಇದರಿಂದ. ಅತಿಯಾದಾಗ ಪಕ್ಕದ ಕೋಶಗಳಿಗೆ ಅದೇ ವಿಷ. ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತದೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಕೆಡುತ್ತದೆ, ಉರಿಯೂತ ಶುರುವಾಗುತ್ತದೆ, ನೀರು ತುಂಬಿ ಮೆದುಳು ಊದುತ್ತದೆ.

ಊದಿದರೆ ಜಾಗ ಎಲ್ಲಿದೆ? ತಲೆಬುರುಡೆ ಹಿಗ್ಗುವುದಿಲ್ಲವಲ್ಲ. ಅದರೊಳಗೆ ಮೆದುಳು, ರಕ್ತ, ಮೆದುಳಿನ ಸುತ್ತಲಿನ ದ್ರವ ಈ ಮೂರಕ್ಕಷ್ಟೇ ಜಾಗ. ಒಂದು ಹೆಚ್ಚಿದರೆ ಇನ್ನೊಂದು ಹೊರಗೆ ಹೋಗಬೇಕು. ಹೋಗುವಷ್ಟು ಹೋದ ಮೇಲೆ ಒತ್ತಡ ಏರಲು ಶುರು. ತಲೆಯೊಳಗಿನ ಈ ಒತ್ತಡ 22 ಮಿಲಿಮೀಟರ್ ಪಾದರಸ ದಾಟಿದರೆ ನಾವು ಚಿಕಿತ್ಸೆ ಶುರುಮಾಡುತ್ತೇವೆ. ಒತ್ತಡ ಏರಿದಷ್ಟೂ ಮೆದುಳಿಗೆ ರಕ್ತ ಹೋಗುವುದು ಕಷ್ಟವಾಗುತ್ತದೆ. ರಕ್ತ ಸಾಲದೆ ಇನ್ನಷ್ಟು ಕೋಶ ಸಾಯುತ್ತವೆ, ಸತ್ತಷ್ಟೂ ಊತ ಹೆಚ್ಚುತ್ತದೆ. ಈ ಸುತ್ತನ್ನು ಎಲ್ಲಿ ಕತ್ತರಿಸುವುದು ಎನ್ನುವುದೇ ನಮ್ಮ ಚಿಂತೆ.

ತಂಪು ಆಕರ್ಷಕವಾಗಿ ಕಂಡಿದ್ದು ಇಲ್ಲೇ. ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡು. ಆದರೆ ಆಮ್ಲಜನಕದಲ್ಲಿ ಅದು ಬಳಸುವುದು ನೂರಕ್ಕೆ ಇಪ್ಪತ್ತು. ಮೈ ಒಂದೊಂದು ಡಿಗ್ರಿ ತಣ್ಣಗಾದಾಗಲೂ ಮೆದುಳಿನ ಆಮ್ಲಜನಕದ ಬೇಡಿಕೆ ಶೇಕಡ 6ರಿಂದ 7ರಷ್ಟು ಇಳಿಯುತ್ತದೆ. ಗ್ಲುಟಮೇಟ್ ಚೆಲ್ಲುವುದು, ಉರಿಯೂತ, ಕೋಶಗಳ ಸಾವು ಎಲ್ಲವೂ ನಿಧಾನವಾಗುತ್ತವೆ. ಇಷ್ಟೆಲ್ಲವನ್ನು ಒಟ್ಟಿಗೆ ತಡೆಯುವ ಇನ್ನೊಂದು ಔಷಧಿ ಇಲ್ಲ. 1987ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೆದುಳಿಗೆ ಸ್ವಲ್ಪ ಹೊತ್ತು ರಕ್ತ ನಿಲ್ಲಿಸಿ ನೋಡಿದರು. ಆ ಹೊತ್ತಿನಲ್ಲಿ ಮೆದುಳು ಎರಡು ಮೂರು ಡಿಗ್ರಿ ತಣ್ಣಗಿದ್ದರೂ ಸಾಕು, ಸಾಯುವ ಕೋಶಗಳು ಬಹಳ ಕಡಿಮೆಯಾದವು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಫಲ!

ಇನ್ನೊಂದು ಘಟನೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. 1999ರಲ್ಲಿ ನಾರ್ವೆಯ ನಾರ್ವಿಕ್ ಬಳಿ ಸ್ಕೀ ಮಾಡುತ್ತಿದ್ದ ಯುವ ವೈದ್ಯೆಯೊಬ್ಬರು ಹಿಮಗಟ್ಟಿದ ತೊರೆಯೊಳಗೆ ಬಿದ್ದರು. ಸುಮಾರು 80 ನಿಮಿಷ ಮಂಜುಗಡ್ಡೆಯಡಿ ಸಿಕ್ಕಿಕೊಂಡಿದ್ದರು. ಟ್ರೋಮ್ಸೊ ಆಸ್ಪತ್ರೆಗೆ ತಂದಾಗ ಹೃದಯ ನಿಂತಿತ್ತು, ಮೈ ಬಿಸಿ 13.7 ಡಿಗ್ರಿ. ರಕ್ತವನ್ನು ಹೊರಗೆ ತೆಗೆದು ಬಿಸಿ ಮಾಡಿ ಮತ್ತೆ ಒಳಗೆ ಹರಿಸಿದರು. ಅವರು ಬದುಕಿದರು, ಮೆದುಳೂ ಉಳಿಯಿತು. ಇದನ್ನು ಕೇಳಿದವರಿಗೆಲ್ಲ ತಂಪಿನ ಮೇಲೆ ಭಾರೀ ನಂಬಿಕೆ ಬರುತ್ತದೆ. ಸಹಜ. ಆದರೆ ಒಂದು ವಿಷಯ ಗಮನಿಸಿ. ಗಾಳಿ ಸಿಗುವ ಒಂದಿಷ್ಟು ಜಾಗದಲ್ಲಿ ಅವರು ಮೊದಲ 40 ನಿಮಿಷ ಉಸಿರಾಡುತ್ತಲೇ ಇದ್ದರು. ಅಂದರೆ ಮೈ ತಣ್ಣಗಾಗಿದ್ದು ಮೊದಲು, ಹೃದಯ ನಿಂತಿದ್ದು ಆಮೇಲೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಇದು ಯಾವಾಗಲೂ ತಿರುಗಾಮುರುಗಾ. ಹಾನಿ ಆಗಿಬಿಟ್ಟಿರುತ್ತದೆ, ತಂಪು ಮಾಡುವುದು ಆಮೇಲೆ. ಮಯಾಮಿಯ ಇಲಿಗಳಲ್ಲೂ ರಕ್ತ ನಿಂತ ಹೊತ್ತಿಗೇ ತಂಪಿತ್ತು. ಈ ಒಂದು ವ್ಯತ್ಯಾಸಕ್ಕೆ ನಾವು ಆಗ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ ಎಂದು ನನಗೆ ಅನಿಸುತ್ತದೆ.

ಮನುಷ್ಯರ ಮೇಲೆ ಇದನ್ನು ಮೊದಲು ಗಂಭೀರವಾಗಿ ಮಾಡಿದವರು ಫಿಲಡೆಲ್ಫಿಯಾದ ನರಶಸ್ತ್ರಚಿಕಿತ್ಸಕ ಟೆಂಪಲ್ ಫೇ. 1938ರಲ್ಲಿ ಕ್ಯಾನ್ಸರ್ ರೋಗಿಗಳಿಂದ ಶುರುಮಾಡಿ, ಮುಂದೆ ತಲೆಗೆ ಪೆಟ್ಟಾದವರಿಗೂ ಮಾಡಿದರು. ಆಗಿನ ಜ್ವರ ನೋಡುವ ಥರ್ಮಾಮೀಟರುಗಳಲ್ಲಿ ಅಷ್ಟು ಕೆಳಗಿನ ಅಂಕೆಗಳೇ ಇರಲಿಲ್ಲ. ಮೈ ಅಷ್ಟು ತಣ್ಣಗಾದ ಮನುಷ್ಯ ಬದುಕಿರಬಹುದು ಎಂದು ಯಾರೂ ಎಣಿಸಿರಲಿಲ್ಲ ನೋಡಿ. 1950ರ ದಶಕದಲ್ಲಿ ಹೃದಯದ ಆಪರೇಷನ್‌ಗೆ ತಂಪು ಮಾಡುವುದು ಶುರುವಾಯಿತು. ಆಮೇಲೆ ಸೋಂಕು, ರಕ್ತಸ್ರಾವ, ಹೃದಯದ ಲಯ ತಪ್ಪುವುದು ಜಾಸ್ತಿಯಾಗಿ ತಲೆ ಪೆಟ್ಟಿನವರಲ್ಲಿ ಇದು ಮೂಲೆಗೆ ಸರಿಯಿತು. ಮತ್ತೆ ಜೀವ ಬಂದಿದ್ದು ಆ ಇಲಿಗಳ ಪ್ರಯೋಗದ ನಂತರ. ಈ ಸಲ 28, 30 ಡಿಗ್ರಿಗೆಲ್ಲ ಹೋಗದೆ 32, 33ಕ್ಕೇ ನಿಲ್ಲಿಸೋಣ ಎಂಬ ಲೆಕ್ಕ.

1997ರಲ್ಲಿ ಪಿಟ್ಸ್‌ಬರ್ಗ್‌ನಿಂದ ಬಂದ ಫಲಿತಾಂಶ ಎಲ್ಲರ ಆಸೆ ಹೆಚ್ಚಿಸಿತು. 82 ರೋಗಿಗಳು. ಅರ್ಧ ಜನರನ್ನು 24 ಗಂಟೆ 32ರಿಂದ 33 ಡಿಗ್ರಿಯಲ್ಲಿ ಇಟ್ಟಿದ್ದರು. ಒಂದು ವರ್ಷದ ನಂತರ ತಂಪು ಮಾಡಿದವರಲ್ಲಿ ಶೇಕಡ 62 ಜನ ಚೆನ್ನಾಗಿ ಚೇತರಿಸಿಕೊಂಡಿದ್ದರು. ಮಾಡದವರಲ್ಲಿ ಶೇಕಡ 38. ಈ ಅಂಕೆ ನೋಡಿದ ಯಾವ ವೈದ್ಯರಿಗೆ ಕೈ ಕಟ್ಟಿ ಕೂರಲು ಮನಸ್ಸಾಗುತ್ತದೆ, ಹೇಳಿ?

ಮುಂದೇನಾಯಿತು ಎಂದು ಹೇಳುವ ಮೊದಲು, ಹಾಸಿಗೆ ಪಕ್ಕದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಹೇಳಬೇಕು. ತಂಪು ಮಾಡುವುದು ಅಂದರೆ ತಲೆ ಮೇಲೆ ಐಸ್ ಚೀಲ ಇಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ತಲೆಯ ಚರ್ಮ, ದಪ್ಪ ಮೂಳೆ ದಾಟಿ ಆ ತಂಪು ಒಳಕ್ಕೆ ಇಳಿಯುವುದಿಲ್ಲ. ಮೆದುಳಿಗೆ ಸತತವಾಗಿ ಬಿಸಿ ರಕ್ತ ಹರಿಯುತ್ತಲೇ ಇರುತ್ತದೆ. ಹಾಗಾಗಿ ರಕ್ತವನ್ನೇ, ಅಂದರೆ ಇಡೀ ಮೈಯನ್ನೇ ತಂಪು ಮಾಡಬೇಕು. 4 ಡಿಗ್ರಿಯ ತಣ್ಣನೆ ಸಲೈನ್ ಕೊಡುತ್ತಾರೆ. ತಣ್ಣೀರು ಹರಿಯುವ ಪ್ಯಾಡುಗಳನ್ನು ಎದೆಗೆ, ತೊಡೆಗೆ ಸುತ್ತುತ್ತಾರೆ. ಇಲ್ಲವೇ ದೊಡ್ಡ ರಕ್ತನಾಳದೊಳಗೆ ತಂಪಿನ ಕೊಳವೆ ಇಡುತ್ತಾರೆ. ಮೈಯೊಳಗಿನ ಬಿಸಿಯನ್ನು ಅನ್ನನಾಳದಲ್ಲೋ ಮೂತ್ರಕೋಶದಲ್ಲೋ ಇಟ್ಟ ತಂತಿಯಿಂದ ಅಳೆಯುತ್ತಾ ಇರುತ್ತಾರೆ.

ದೇಹ ಇದಕ್ಕೆ ಸುಮ್ನೆ ಒಪ್ಪುವುದಿಲ್ಲ. 36ರಿಂದ 35ರ ನಡುವೆ ಎಲ್ಲೋ ನಡುಕ ಶುರು. ಪ್ರಜ್ಞೆ ಇಲ್ಲದವರೂ ನಡುಗುತ್ತಾರೆ. ಮೊದಮೊದಲು ಕಣ್ಣಿಗೆ ಕಾಣುವುದೇ ಇಲ್ಲ. ನರ್ಸ್ ಬಂದು ದವಡೆ ಕೆಳಗೆ, ಕುತ್ತಿಗೆ ಮೇಲೆ, ಎದೆ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಸಣ್ಣಗೆ ಅದುರುವುದು ಕೈಗೆ ತಿಳಿಯುತ್ತದೆ. ಇಸಿಜಿ ಗೆರೆಯೂ ಒರಟಾಗುತ್ತದೆ. ಈ ನಡುಕ ದೇಹದ ಆಮ್ಲಜನಕದ ಬಳಕೆಯನ್ನು ಎರಡು ಪಟ್ಟು, ಅದಕ್ಕಿಂತಲೂ ಜಾಸ್ತಿ ಏರಿಸಬಲ್ಲದು. ತಂಪಿನಿಂದ ಉಳಿಸಿದ್ದೆಲ್ಲ ನಡುಕದಲ್ಲಿ ಖರ್ಚು! ಅದನ್ನು ನಿಲ್ಲಿಸಲು ಒಂದು ವಿಚಿತ್ರ ಉಪಾಯವಿದೆ. ಒಳಗೆ ತಂಪು ಮಾಡುತ್ತಲೇ, ಹೊರಗೆ ಕೈ, ಕಾಲು, ಮುಖಕ್ಕೆ ಬೆಚ್ಚಗಿನ ಗಾಳಿ ಬೀಸುತ್ತಾರೆ. ಚರ್ಮ ಬೆಚ್ಚಗಿದ್ದರೆ ಮೆದುಳಿನ ಬಿಸಿ ಕಾಯುವ ಕೇಂದ್ರ ಸ್ವಲ್ಪ ಸಮಾಧಾನವಾಗುತ್ತದೆ. ಅದು ಸಾಲದಿದ್ದರೆ ಮೆಗ್ನೀಷಿಯಂ, ಪೆಥಿಡಿನ್, ಜಾಸ್ತಿ ನಿದ್ರೆ ಔಷಧಿ. ಕೊನೆಗೆ ಸ್ನಾಯುಗಳೇ ಅಲುಗದಂತೆ ಮಾಡುವ ಔಷಧಿ. ಅದನ್ನು ಕೊಟ್ಟ ಮೇಲೆ ರೋಗಿ ಕೆಮ್ಮುವುದಿಲ್ಲ, ಕಫ ಹೊರಗೆ ಬರುವುದಿಲ್ಲ. ತಂಪಿನಲ್ಲಿ ರೋಗನಿರೋಧಕ ಕೋಶಗಳೂ ಮಂದವಾಗಿರುತ್ತವೆ. ನ್ಯುಮೋನಿಯಾಕ್ಕೆ ಬಾಗಿಲು ತೆರೆದ ಹಾಗೆ.

ಇನ್ನೂ ಇದೆ. ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. ತಲೆಯೊಳಗೆ ರಕ್ತ ಸೋರುತ್ತಿರುವವರಿಗೆ ಇದು ಎಂಥ ಅಪಾಯ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಪೊಟ್ಯಾಷಿಯಂ ರಕ್ತದಿಂದ ಕೋಶಗಳೊಳಗೆ ಹೋಗಿ ಕೂರುತ್ತದೆ. ರಕ್ತ ಪರೀಕ್ಷೆಯಲ್ಲಿ ಕಡಿಮೆ ಕಾಣುತ್ತದೆ ಎಂದು ಅವಸರದಲ್ಲಿ ತುಂಬಿಸಿದರೆ, ಮೈ ಬಿಸಿ ಮಾಡುವಾಗ ಒಳಗಿದ್ದದ್ದೂ ಹೊರಗೆ ಬಂದು ಹೃದಯದ ಲಯವೇ ತಪ್ಪಬಹುದು. ತಣ್ಣಗಾದ ದೇಹ ಇಂಗಾಲದ ಡೈಆಕ್ಸೈಡ್ ಕಡಿಮೆ ತಯಾರಿಸುತ್ತದೆ. ವೆಂಟಿಲೇಟರನ್ನು ಅದಕ್ಕೆ ತಕ್ಕಂತೆ ಇಳಿಸದಿದ್ದರೆ ಮೆದುಳಿನ ರಕ್ತನಾಳಗಳು ಕುಗ್ಗಿ, ಯಾವ ಮೆದುಳನ್ನು ಉಳಿಸಲು ಹೊರಟಿದ್ದೆವೋ ಅದಕ್ಕೇ ರಕ್ತ ಸಾಲದಾಗುತ್ತದೆ. ವಾಪಸ್ ಬಿಸಿ ಮಾಡುವುದಂತೂ ಇನ್ನೂ ನಾಜೂಕಿನ ಕೆಲಸ. ಗಂಟೆಗೆ ಕಾಲು ಡಿಗ್ರಿಗಿಂತ ಬೇಗ ಏರಿಸಬಾರದು ಎನ್ನುತ್ತಾರೆ. ಅವಸರ ಮಾಡಿದರೆ ತಲೆಯೊಳಗಿನ ಒತ್ತಡ ಮತ್ತೆ ಜಿಗಿಯುತ್ತದೆ.

ಈಗ ಪ್ರಯೋಗಗಳಿಗೆ ಬರೋಣ. ಪಿಟ್ಸ್‌ಬರ್ಗ್‌ನ ಭರವಸೆಯನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ್ದು ಅಮೆರಿಕದ ಇನ್ನೊಂದು ಅಧ್ಯಯನ. 2001ರಲ್ಲಿ ಪ್ರಕಟವಾಯಿತು. 392 ರೋಗಿಗಳು, ಯಾರಿಗೆ ತಂಪು ಯಾರಿಗೆ ಮಾಮೂಲಿ ಚಿಕಿತ್ಸೆ ಎಂದು ಚೀಟಿ ಎತ್ತಿದ ಹಾಗೆ ಹಂಚಿದ್ದು. ಎರಡೂ ಗುಂಪಿನಲ್ಲಿ ಶೇಕಡ 57 ಜನರ ಸ್ಥಿತಿ ಕೆಟ್ಟದಾಗಿಯೇ ಉಳಿಯಿತು. ಅಂಕೆ ಒಂದೇ. 33 ಡಿಗ್ರಿ ಮುಟ್ಟಲು ಸರಾಸರಿ ಎಂಟು ಗಂಟೆಗೂ ಜಾಸ್ತಿ ಹಿಡಿದಿತ್ತು. ಅಷ್ಟು ತಡವಾದ್ದರಿಂದ ಹೀಗಾಯಿತು, ಬೇಗ ಮಾಡಿದ್ದರೆ ಗೆಲ್ಲುತ್ತಿದ್ದೆವು ಎಂದು ಹಲವರು ವಾದಿಸಿದರು. ಆ ವಾದದಲ್ಲಿ ಹುರುಳಿತ್ತು. 2008ರಲ್ಲಿ ಮಕ್ಕಳ ಅಧ್ಯಯನ ಬಂತು. ಮೂರು ದೇಶಗಳ 225 ಮಕ್ಕಳು. ಮಕ್ಕಳ ಮೆದುಳು ಬೇಗ ಚೇತರಿಸಿಕೊಳ್ಳುತ್ತದೆ, ಅವರಿಗಾದರೂ ಉಪಯೋಗವಾಗಬಹುದು ಎಂಬ ಆಸೆ. ತಂಪು ಮಾಡಿದ ಮಕ್ಕಳಲ್ಲಿ ಶೇಕಡ 21 ತೀರಿಕೊಂಡರು, ಮಾಡದವರಲ್ಲಿ ಶೇಕಡ 14. ಸಂಖ್ಯಾಶಾಸ್ತ್ರದ ಪ್ರಕಾರ ಈ ಅಂತರ ಖಚಿತ ಎನ್ನಲು ಸಾಲದು, ಆದರೆ ಎಚ್ಚರಿಕೆಗೆ ಸಾಕು.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಯೂರೋಥರ್ಮ್ ಎಂಬ ಅಧ್ಯಯನ. 18 ದೇಶ, 47 ಆಸ್ಪತ್ರೆ, 387 ರೋಗಿಗಳು. ಫಲಿತಾಂಶ ಬಂದಿದ್ದು 2015ರಲ್ಲಿ. ಇಲ್ಲಿ ಎಲ್ಲರಿಗೂ ತಂಪು ಮಾಡಲಿಲ್ಲ. ತಲೆಯೊಳಗಿನ ಒತ್ತಡ 20 ದಾಟಿದವರನ್ನು ಮಾತ್ರ ತೆಗೆದುಕೊಂಡರು. ಬಹಳ ಜಾಣತನದ ಆಯ್ಕೆ ಅದು. ಯಾಕೆಂದರೆ ತಂಪು ಒತ್ತಡ ಇಳಿಸುತ್ತದೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಹಾಗೇ ಆಯಿತು ಕೂಡ. ಒತ್ತಡ ಇಳಿಯಿತು, ಕೊನೆಯ ಹಂತದ ಕಠಿಣ ಔಷಧಿಗಳ ಅಗತ್ಯ ಕಡಿಮೆ ಬಿತ್ತು. ಐಸಿಯು ಪರದೆ ನೋಡುವವರಿಗೆ ಚಿಕಿತ್ಸೆ ಗೆದ್ದಂತೆಯೇ ಕಾಣುತ್ತಿತ್ತು. ಆದರೆ ಆರು ತಿಂಗಳ ನಂತರ ನೋಡಿದರೆ, ತಂಪು ಮಾಡಿದವರಲ್ಲಿ ಶೇಕಡ 26 ಜನ ಮಾತ್ರ ಒಂದು ಮಟ್ಟಕ್ಕೆ ಚೇತರಿಸಿಕೊಂಡಿದ್ದರು. ಮಾಡದವರಲ್ಲಿ ಶೇಕಡ 37. ಅಪಾಯ ಕಂಡದ್ದರಿಂದ ಅಧ್ಯಯನವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ನಾವು ಗಂಟೆಗಟ್ಟಲೆ ತಲೆಯೊಳಗಿನ ಒತ್ತಡದ ಅಂಕೆಯನ್ನು ನೋಡುತ್ತಾ ಕೂರುತ್ತೇವೆ. 26 ಇದ್ದದ್ದು 18 ಆದರೆ ನಮಗೂ ನೆಮ್ಮದಿ, ಮನೆಯವರಿಗೂ ನೆಮ್ಮದಿ. ಆದರೆ ರೋಗಿಗೆ ಬೇಕಾದದ್ದು ಆರು ತಿಂಗಳ ನಂತರ ಎದ್ದು ಕೂರುವುದು, ಮನೆಯವರ ಗುರುತು ಹಿಡಿಯುವುದು, ತಾನೇ ಉಣ್ಣುವುದು. ಒತ್ತಡದ ಅಂಕೆ ಇಳಿದರೆ ಇದೆಲ್ಲ ತಾನಾಗಿಯೇ ಬರುತ್ತದೆ ಎಂದು ಅಂದುಕೊಂಡಿದ್ದೆವು. ತಂಪಿನ ವಿಷಯದಲ್ಲಿ ಮಾತ್ರ ಹೀಗಾಯಿತು ಅಂತಲ್ಲ. 2011ರ ಡೆಕ್ರಾ ಅಧ್ಯಯನದಲ್ಲಿ ತಲೆಬುರುಡೆಯ ದೊಡ್ಡ ಭಾಗವನ್ನು ಬೇಗನೆ ತೆಗೆದಾಗಲೂ ಒತ್ತಡ ಚೆನ್ನಾಗಿ ಇಳಿಯಿತು, ರೋಗಿಗಳ ಸ್ಥಿತಿ ಕೆಟ್ಟಿತು. ಊತ ಇಳಿಸಲು ದಶಕಗಳ ಕಾಲ ಸ್ಟೀರಾಯ್ಡ್ ಕೊಡುತ್ತಿದ್ದರು. 2004ರಲ್ಲಿ ಹತ್ತು ಸಾವಿರ ರೋಗಿಗಳ ಕ್ರಾಶ್ ಅಧ್ಯಯನ ಬಂದಾಗ ಗೊತ್ತಾಯಿತು, ಸ್ಟೀರಾಯ್ಡ್ ಪಡೆದವರಲ್ಲೇ ಎರಡು ವಾರದೊಳಗಿನ ಸಾವು ಹೆಚ್ಚು. ಶೇಕಡ 21, ಇನ್ನೊಂದು ಕಡೆ ಶೇಕಡ 18. ಚೀಟಿ ಎತ್ತಿ ಹೋಲಿಸದೆ ಇದ್ದಿದ್ದರೆ ಇವತ್ತಿಗೂ ಕೊಡುತ್ತಲೇ ಇರುತ್ತಿದ್ದೆವು. ರೋಗಿಯನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೀರಾ ಎಂದು ಮನೆಯವರು ಸಿಟ್ಟಾಗುವುದನ್ನು ನೋಡಿದ್ದೇನೆ. ಅವರ ಸಂಕಟ ಅರ್ಥವಾಗುತ್ತದೆ. ಆದರೂ ಆ ಸಾವಿರಾರು ಕುಟುಂಬಗಳು ಒಪ್ಪಿದ್ದಕ್ಕೇ ಇವತ್ತು ನಮಗೆ ಇಷ್ಟು ಗೊತ್ತಿದೆ. ಅವರಿಗೆ ನಾನು ಋಣಿ.

ಬೇಗ ಶುರುಮಾಡಬೇಕಿತ್ತು ಎಂಬ ವಾದಕ್ಕೆ ಉತ್ತರ 2018ರಲ್ಲಿ ಬಂತು. ಪೋಲಾರ್ ಎಂಬ ಅಧ್ಯಯನ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಫ್ರಾನ್ಸ್ ಸೇರಿ ಆರು ದೇಶಗಳ ಸುಮಾರು ಐನೂರು ರೋಗಿಗಳು. ಆಂಬುಲೆನ್ಸ್‌ನಲ್ಲೇ, ಇಲ್ಲವೇ ಎಮರ್ಜೆನ್ಸಿಗೆ ಬಂದ ಕೂಡಲೇ ತಂಪು ಶುರು. ಕನಿಷ್ಠ 72 ಗಂಟೆ, ಬೇಕಾದರೆ ಏಳು ದಿನ. ವಾಪಸ್ ಬಿಸಿ ಮಾಡುವುದು ನಿಧಾನವಾಗಿ. ಹಿಂದಿನ ಎಲ್ಲ ತಕರಾರುಗಳಿಗೂ ಉತ್ತರ ಇಟ್ಟುಕೊಂಡೇ ಹೊರಟಿದ್ದರು. ಆರು ತಿಂಗಳಿಗೆ ಚೆನ್ನಾಗಿದ್ದವರು ತಂಪಿನ ಗುಂಪಿನಲ್ಲಿ ಶೇಕಡ 48.8, ಇನ್ನೊಂದರಲ್ಲಿ 49.1. ಇದಕ್ಕಿಂತ ಸಮ ಫಲಿತಾಂಶ ಸಿಗುವುದು ಕಷ್ಟ.

ಯಾಕೆ ಹೀಗೆ? ನನಗೆ ತೋಚುವುದು ಇಷ್ಟು. ಪ್ರಯೋಗಾಲಯದ ಇಲಿಗಳಿಗೆಲ್ಲ ಒಂದೇ ಥರದ ಹಾನಿ. ಮನುಷ್ಯರಲ್ಲಿ ಒಬ್ಬರಿಗೆ ಹೆಪ್ಪುಗಟ್ಟಿದ ರಕ್ತ, ಇನ್ನೊಬ್ಬರಿಗೆ ಹರಿದ ನರತಂತು, ಮತ್ತೊಬ್ಬರಿಗೆ ಎರಡೂ, ಜೊತೆಗೆ ಮುರಿದ ಪಕ್ಕೆಲುಬು. ಎಲ್ಲರನ್ನೂ ತೀವ್ರ ಪೆಟ್ಟು ಎಂಬ ಒಂದೇ ಹೆಸರಲ್ಲಿ ಕರೆಯುತ್ತೇವೆ. ಎರಡನೆಯದು, ತಂಪು ಮೆದುಳಿಗೆ ಮಾಡುವ ಉಪಕಾರವನ್ನು ದೇಹದ ಉಳಿದ ಭಾಗಕ್ಕೆ ಮಾಡುವ ಅಪಕಾರ ನುಂಗಿಹಾಕುತ್ತದೆ. ಕಾಲಿನ ಐಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಅಲ್ಲಿ ತಣ್ಣಗಾಗುವುದು ಕಾಲು ಮಾತ್ರ.

ಇನ್ನು ಸಭಿಕರ ಪ್ರಶ್ನೆಗಳು.

"ಹುಟ್ಟಿದ ಮಗುವಿಗೆ ತಂಪು ಮಾಡಿ ಉಳಿಸಿದರು ಎಂದು ಕೇಳಿದ್ದೇನೆ ಸರ್, ಅದು ಸುಳ್ಳಾ?" ಸುಳ್ಳಲ್ಲಮ್ಮ. ಹೆರಿಗೆ ಹೊತ್ತಲ್ಲಿ ಉಸಿರುಗಟ್ಟಿ ಮೆದುಳಿಗೆ ಹಾನಿಯಾದ ಶಿಶುಗಳಿಗೆ ಆರು ಗಂಟೆಯೊಳಗೆ ಶುರುಮಾಡಿ 72 ಗಂಟೆ 33.5 ಡಿಗ್ರಿಯಲ್ಲಿ ಇಟ್ಟರೆ ಉಪಯೋಗವಿದೆ. ಶ್ರೀಮಂತ ದೇಶಗಳಲ್ಲಿ ಇದು ಖಚಿತವಾಗಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳ ಮೇಲೆ ನಡೆದ ಹೀಲಿಕ್ಸ್ ಅಧ್ಯಯನದಲ್ಲಿ, 2021ರಲ್ಲಿ, ತಂಪು ಮಾಡಿದವರಲ್ಲೇ ಸಾವು ಜಾಸ್ತಿ ಕಂಡಿತು. ಒಂದು ಕಡೆ ಕೆಲಸ ಮಾಡಿದ್ದು ಇನ್ನೊಂದು ಕಡೆಗೂ ಹೊಂದುತ್ತದೆ ಎಂದು ಹೇಳಲಾಗದು. ಹೃದಯ ನಿಂತು ಮತ್ತೆ ಶುರುವಾದವರಿಗೂ 2002ರಿಂದ ತಂಪು ಮಾಡುತ್ತಿದ್ದರು. 2013 ಮತ್ತು 2021ರ ದೊಡ್ಡ ಅಧ್ಯಯನಗಳ ನಂತರ ಅಲ್ಲೂ ಜ್ವರ ತಡೆಯುವುದರ ಕಡೆಗೇ ಒಲವು ಹೆಚ್ಚಾಗಿದೆ.

"ಹಾಗಾದರೆ ತಲೆ ಪೆಟ್ಟಿಗೆ ಈಗ ತಂಪು ಮಾಡುವುದೇ ಇಲ್ವಾ?" ಮುಂಜಾಗ್ರತೆಗೆ ಎಂದು ಎಲ್ಲರಿಗೂ ಮಾಡುವುದಿಲ್ಲ. 2016ರ ಮಾರ್ಗಸೂಚಿಯೂ ಅದನ್ನು ಶಿಫಾರಸು ಮಾಡಲಿಲ್ಲ. ಬೇರೆಲ್ಲ ದಾರಿ ಮುಗಿದರೂ ಒತ್ತಡ ಇಳಿಯದಿದ್ದರೆ, ಕೊನೆಯ ಮೆಟ್ಟಿಲಲ್ಲಿ 35ರಿಂದ 36 ಡಿಗ್ರಿಯ ಸಣ್ಣ ತಂಪು ಇನ್ನೂ ಪಟ್ಟಿಯಲ್ಲಿದೆ. 2019ರಲ್ಲಿ ಸಿಯಾಟಲ್‌ನಲ್ಲಿ ತಜ್ಞರು ಸೇರಿ ಮಾಡಿದ ಪಟ್ಟಿ ಅದು. 33ರ ಆಸೆ ಬಿಟ್ಟು ಎಷ್ಟು ಮೇಲೆ ಬಂದಿದ್ದೇವೆ ನೋಡಿ.

"ಜ್ವರ ಬಂದರೆ ಅಷ್ಟೊಂದು ಅಪಾಯಾನಾ?" ಹೌದು. ತಂಪು ಮೆದುಳಿನ ಬೇಡಿಕೆ ಇಳಿಸುತ್ತದೆ ಎಂದೆನಲ್ಲ, ಜ್ವರ ಅದನ್ನು ಏರಿಸುತ್ತದೆ. ಮೆದುಳಿನ ಬಿಸಿ ಮೈ ಬಿಸಿಗಿಂತ ಒಂದು ಡಿಗ್ರಿಯವರೆಗೂ ಜಾಸ್ತಿ ಇರಬಹುದು. ಹಾಗಾಗಿ ಥರ್ಮಾಮೀಟರ್ 38.5 ತೋರಿಸಿದರೆ ಮೆದುಳು 39 ದಾಟಿರಬಹುದು. ಪ್ಯಾರಾಸಿಟಮಾಲ್, ಪ್ಯಾಡು, ಜ್ವರದ ಮೂಲ ಹುಡುಕುವುದು, ಇದೆಲ್ಲ ಹಗಲೂ ರಾತ್ರಿ ನಡೆಯುತ್ತದೆ.

"ಮನೆಯವರು ಡಾಕ್ಟರ ಹತ್ತಿರ ಏನು ಕೇಳಬೇಕು?" ತಲೆಯೊಳಗಿನ ಒತ್ತಡ ಎಷ್ಟಿದೆ ಎಂದು ಕೇಳಿ, ತಪ್ಪಿಲ್ಲ. ಜೊತೆಗೆ ರಕ್ತದೊತ್ತಡ, ಆಮ್ಲಜನಕ ಒಂದು ಸಲವೂ ತೀರಾ ಇಳಿಯದಂತೆ ಹೇಗೆ ನೋಡಿಕೊಳ್ಳುತ್ತಿದ್ದೀರಿ ಎಂದು ಕೇಳಿ. ಈ ಎರಡರಲ್ಲಿ ಒಂದು ಕುಸಿದರೂ ಗಾಯಗೊಂಡ ಮೆದುಳಿಗೆ ಭಾರೀ ಹೊಡೆತ. ಜ್ವರ ಬಂದಿದೆಯಾ, ಎಷ್ಟು ಹೊತ್ತಿತ್ತು ಎಂದು ಕೇಳಿ. ತಲೆದಿಂಬಿನ ಕಡೆ ಹಾಸಿಗೆ 30 ಡಿಗ್ರಿ ಎತ್ತಿದ್ದಾರಾ ಎಂದು ನೀವೇ ನೋಡಬಹುದು. ಕುತ್ತಿಗೆ ಒಂದು ಕಡೆಗೆ ವಾಲಿದ್ದರೆ ನರ್ಸ್‌ಗೆ ಹೇಳಿ, ನೀವಾಗಿಯೇ ಸರಿಪಡಿಸಲು ಹೋಗಬೇಡಿ. ಕುತ್ತಿಗೆ ವಾಲಿದರೆ ಅಲ್ಲಿಯ ರಕ್ತನಾಳ ಒತ್ತಿಹೋಗಿ, ಮೆದುಳಿನಿಂದ ರಕ್ತ ಕೆಳಗೆ ಇಳಿಯುವುದು ತಡವಾಗುತ್ತದೆ. ಅಷ್ಟಕ್ಕೇ ಪರದೆಯ ಮೇಲಿನ ಒತ್ತಡ ಏರುವುದನ್ನು ನೀವು ಕಣ್ಣಾರೆ ನೋಡಬಹುದು.